ಕೋಡಿಯಿಂದ ಎಷ್ಟು ಕೆಳಗೆ? ನಮ್ಮೂರ ಹಳೇ ಕೆರೆಯ ನೀರಿನ ಮಟ್ಟದ ಲೆಕ್ಕ

ಪಾಲಾರ್ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಳಬಾಗಿಲು ತಾಲ್ಲೂಕು. ಪಾಲಾರ್ ನದಿಗೆ ಸೇರೋ ಹಳ್ಳದ ಸಾಲಿನಲ್ಲಿರೋ ಹಳೇ ಕೆರೆ. ಊರ ಹೆಸರು ಸದ್ಯಕ್ಕೆ ಹಾಕ್ತಿಲ್ಲ. ಕೆರೆ ಅಂಗಳದ (ನೀರು ನಿಲ್ಲೋ ಜಾಗದ) ಒತ್ತುವರಿ ಅಳತೆ ಇನ್ನೂ ನಡೀತಿದೆ, ಅದಕ್ಕೂ ಇದಕ್ಕೂ ಗಂಟು ಬೀಳೋದು ಬೇಡ.

2021ರ ನವೆಂಬರ್ ಮಳೆಗೆ ನಮ್ಮ ಕೆರೆ ಕೋಡಿ ಹೋಯ್ತು, ಅಂದ್ರೆ ತುಂಬಿ ಹೆಚ್ಚಿನ ನೀರು ಕೋಡಿ ಗೋಡೆ ಮೇಲಿಂದ ಹೊರಗೆ ಹರೀತು. ಊರಿಗೆ ಊರೇ ಕೋಡಿ ಹತ್ತಿರ ನಿಂತಿತ್ತು. ನನ್ನ ವಯಸ್ಸಿನವರು ಯಾರೂ ಅಂಥದ್ದನ್ನ ನೋಡಿರಲಿಲ್ಲ. ನಮ್ಮ ತಾತ "ನಿಮ್ಮಪ್ಪನ ಮದುವೆ ವರ್ಷ ಹೋಗಿದ್ದು, ಆಮೇಲೆ ಇವತ್ತೇ" ಅಂದ್ರು. ಪಕ್ಕದ ಮನೆ ಅಜ್ಜಿ ಒಪ್ಪಲಿಲ್ಲ. "ಅದಾದ ಮೇಲೂ ಒಂದ್ಸಲ ಹೋಯ್ತು, ಕೋಡಿ ದಾಟಿ ಸುಡುಗಾಡಿಗೆ ಹೋಗಕ್ಕಾಗದೆ ಹೆಣ ಈ ಕಡೆನೇ ಮಣ್ಣು ಮಾಡಿದ್ರು" ಅಂದ್ರು. ಇಬ್ಬರೂ ಖಚಿತವಾಗಿ ಹೇಳ್ತಾರೆ. ಅವತ್ತಿಂದ ನನ್ನ ತಲೆಯಲ್ಲಿ ಇದೇ ಕೊರೀತಿದೆ: ಈ ಕೆರೆ ಯಾವ್ಯಾವ ವರ್ಷ ಎಷ್ಟು ತುಂಬಿತ್ತು, ಯಾವಾಗ ಬತ್ತಿತ್ತು ಅಂತ ಒಂದು ಪಟ್ಟಿ ಮಾಡೋಕಾಗುತ್ತಾ?

ಸುಮ್ಮನೆ ಕೂರದೆ ಒಂದು ಕೆಲಸ ಮಾಡಿದೆ. ತೂಬಿನ (ಗದ್ದೆಗೆ ನೀರು ಬಿಡೋ ಕಂಡಿಯ) ಕಲ್ಲುಕಂಬದ ಮೇಲೆ ಬಿಳಿ ಸುಣ್ಣದಂಥ ಮೂರು ಗೆರೆ ಇವೆ. ನೀರು ಇಳಿದಿದ್ದಾಗ ಹೋಗಿ ಟೇಪು ಹಿಡಿದೆ. ನೆಲದಿಂದ ಮೊದಲನೆಯದು 3 ಅಡಿ 9 ಇಂಚು, ಎರಡನೆಯದು 8 ಅಡಿ 2 ಇಂಚು, ಮೂರನೆಯದು 9 ಅಡಿ 8 ಇಂಚು. ಮೂರು ಗೆರೆ ಅಂದ್ರೆ ಮೂರು ಮಳೆಗಾಲದ ಕಾಲಘಟ್ಟ ಅಂತ ನನ್ನ ಊಹೆ. ಮೇಲಿನದು ತುಂಬಾ ಹಳೇ ಒಳ್ಳೆ ಮಳೆ ಕಾಲ, ಕೆಳಗಿನದು ಈಚಿನ ಬರಗಾಲ. ಸರಿನಾ? ತಿಳಿದವರು ಹೇಳಿ.

ಹಳೇ ಓವರ್‌ಸಿಯರ್

ಮೊದಲು ನಿಮ್ಮ ಪ್ರಯತ್ನಕ್ಕೆ ಶಹಬ್ಬಾಸ್. 30 ವರ್ಷ ಕೆರೆ ಏರಿಗಳ ಮೇಲೆ ಓಡಾಡಿದವನು ನಾನು. ಟೇಪು ಹಿಡಿದು ತೂಬಿಗೆ ಇಳಿಯೋ ಹುಡುಗರು ಕಡಿಮೆ.

ಆದರೆ ಅಳತೆ ಶುರು ಮಾಡಿದ್ದೇ ತಪ್ಪು ಜಾಗದಿಂದ. ನೆಲದಿಂದ ಅಳೆದಿದ್ದೀರಿ. ಯಾವ ನೆಲ? ಅದು ಹೂಳು. ನಿಮ್ಮ ತಾತನ ಕಾಲದಲ್ಲಿ ಅದೇ ಕಂಬದ ಬುಡ ಇನ್ನೂ ನಾಲ್ಕೈದು ಅಡಿ ಆಳದಲ್ಲಿ ಇದ್ದಿರಬಹುದು. ಮುಂದಿನ ಮಳೆಗೆ ಇನ್ನೊಂದು ಇಂಚು ಗೋಡು ಬಂದು ಕೂತರೆ ನಿಮ್ಮ 3 ಅಡಿ 9 ಇಂಚು 3 ಅಡಿ 8 ಇಂಚಾಗುತ್ತೆ, ಗೆರೆ ಮಾತ್ರ ಇದ್ದಲ್ಲೇ ಇರುತ್ತೆ. ಕೆರೆಯಲ್ಲಿ ಅಳತೆ ಯಾವಾಗಲೂ ಕೋಡಿಯಿಂದ ಕೆಳಕ್ಕೆ. ಕೋಡಿ ಸೊನ್ನೆ. "ಕೋಡಿಯಿಂದ ಇಷ್ಟು ಕೆಳಗೆ" ಅಂತಲೇ ಬರೆಯಿರಿ.

ಎರಡನೇ ಮಾತು. ಬಿಳಿ ಗೆರೆ ಬೀಳೋದು ನೀರು ಅತಿ ಹೆಚ್ಚು ಏರಿದ ಮಟ್ಟದಲ್ಲಲ್ಲ, ಹೆಚ್ಚು ದಿನ ನಿಂತ ಮಟ್ಟದಲ್ಲಿ. ಎರಡು ದಿನ ಮಹಾಪೂರ ಬಂದು ಇಳಿದರೆ ಕಂಬದ ಮೇಲೆ ಏನೂ ಉಳಿಯಲ್ಲ. ಎರಡು ತಿಂಗಳು ಒಂದೇ ಕಡೆ ನಿಂತರೆ ಉಳಿಯುತ್ತೆ. ಹಾಗಾಗಿ ಆ ಮೂರು ಮಟ್ಟದಲ್ಲಿ ನೀರು ಯಾಕೆ ನಿಂತಿತು ಅನ್ನೋದನ್ನ ಹುಡುಕಿ.

ಕೋಡಿ ಕಲ್ಲನ್ನೂ ಹೋಗಿ ನೋಡಿ. ಹಳೇ ಗಾರೆ ಮೇಲೆ ಹೊಸ ಸಿಮೆಂಟು ಕೂತಿದೆಯಾ?

ಪಾಲಾರ್ ದಂಡೆ

ಸರ್, ಕೋಡಿ ತೂಬಿನಿಂದ ಸುಮಾರು 300 ಮೀಟರ್ ದೂರ ಇದೆ. ಅಲ್ಲಿಂದ ಇಲ್ಲಿಗೆ ಮಟ್ಟ ತರೋದು ಹೇಗೆ? ಗಾರೆ ಕೆಲಸದವರ ನೀರು ಪೈಪು ಅಷ್ಟು ಉದ್ದ ಇರಲ್ಲ.

ಹಳೇ ಓವರ್‌ಸಿಯರ್

ಕೆರೆಗಿಂತ ದೊಡ್ಡ ಮಟ್ಟಗೋಲು ಯಾವುದಿದೆ? ನೀರು ತೂಬಿನ ಕಂಬವನ್ನೂ ಕೋಡಿ ಗೋಡೆಯನ್ನೂ ಮುಟ್ಟಿಕೊಂಡಿರೋವಾಗ, ಗಾಳಿ ಇಲ್ಲದ ಬೆಳಗಿನ ಜಾವ ಹೋಗಿ. ಕೋಡಿ ತಲೆಯಿಂದ ನೀರಿಗೆ ಎಷ್ಟು ಅಂತ ಒಬ್ಬರು ಅಳೆಯಲಿ. ಅದೇ ಹೊತ್ತಿಗೆ ಕಂಬದ ತಲೆಯಿಂದ ನೀರಿಗೆ ಎಷ್ಟು ಅಂತ ಇನ್ನೊಬ್ಬರು ಅಳೆಯಲಿ. ಎರಡೂ ಕಳೆದರೆ ಮುಗೀತು. ಡಂಪಿ ಲೆವೆಲ್ (ಮಟ್ಟ ನೋಡೋ ಸರ್ವೆ ಯಂತ್ರ) ಬೇಕಾಗಿಲ್ಲ.

ಕಲ್ಲುಬರಹ

ಕೋಲಾರ ಸೀಮೆಯ ಕೆರೆ ಅಂದಮೇಲೆ ಶಾಸನ ಬಿಟ್ಟು ಮಾತಾಡೋ ಹಾಗಿಲ್ಲ. ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನ ಸಂಗ್ರಹದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದೇ, ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದದ್ದು. ಆಗ ಚಿಕ್ಕಬಳ್ಳಾಪುರವೂ ಕೋಲಾರದೊಳಗೇ ಇತ್ತು. ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಅದರಲ್ಲಿ ನಿಮ್ಮ ಹೋಬಳಿಯ ಊರುಗಳನ್ನ ಒಂದೊಂದಾಗಿ ನೋಡಿ.

ನಿಮ್ಮ ಹತ್ತಿರದ ಬೇತಮಂಗಲವನ್ನೇ ತಗೊಳ್ಳಿ. ಹಳೇ ಹೆಸರು ವಿಜಯಾದಿತ್ಯಮಂಗಲ. ಅಲ್ಲಿನ ಕೆರೆ 10ನೇ ಶತಮಾನದಲ್ಲಿ ನೊಳಂಬರ ಕಾಲದಲ್ಲಿ ದುರಸ್ತಿಯಾಯ್ತು, ಮತ್ತೆ ಒಡೆಯಿತು, 12ನೇ ಶತಮಾನದಲ್ಲಿ ಹೊಯ್ಸಳರ ಕಾಲದಲ್ಲಿ ಮತ್ತೆ ಕಟ್ಟಿಸಿದರು. ಒಂದೇ ಕೆರೆ, ಎರಡು ಸಲ ಜೀವ ಬಂದದ್ದು. ಶಾಸನ ಹೇಳೋದು ನೀರಿನ ಮಟ್ಟ ಅಲ್ಲ, ಏರಿ ಒಡೆದದ್ದು ಮತ್ತು ಕಟ್ಟಿದ್ದು. ಆದರೆ ಒಡೆದು ಕಟ್ಟುವವರೆಗಿನ ನಡುವಿನ ವರ್ಷಗಳಲ್ಲಿ ಅಲ್ಲಿ ಕೆರೆಯೇ ಇರಲಿಲ್ಲ ಅನ್ನೋದು ನೀರಿನ ಇತಿಹಾಸದ ದೊಡ್ಡ ಸಂಗತಿ ತಾನೇ?

ಕೆರೆ ಕಟ್ಟಿದವರಿಗೆ, ನೋಡಿಕೊಳ್ಳೋರಿಗೆ ಬಿಟ್ಟ ಬಿತ್ತುವಟ್ಟ, ಕಟ್ಟುಗೊಡಗೆ, ದಶಬಂಧದ ಜಮೀನುಗಳ ವಿವರವೂ ಸಿಗುತ್ತೆ. ತೂಬಿನ ಕೆಳಗೆ ಎಷ್ಟು ದೂರದವರೆಗೆ ಗದ್ದೆ ಕೊಟ್ಟಿದ್ದಾರೆ ಅನ್ನೋದರಿಂದ ಆ ಕಾಲದಲ್ಲಿ ನೀರು ಎಲ್ಲಿಯವರೆಗೆ ಹರೀತಿತ್ತು ಅಂತ ಅಂದಾಜು ಬರುತ್ತೆ. ಹೊಗಳಿಕೆಯನ್ನ ಮಾತ್ರ ಪಕ್ಕಕ್ಕಿಡಿ. ಕೆರೆಯನ್ನ ಸಮುದ್ರ ಅನ್ನೋದು ಅವರ ವಾಡಿಕೆ. ಅದು ಅಳತೆಯಲ್ಲ.

ಕೆಲಸದ ಲೆಕ್ಕ ನಿಜವಾಗಿ ಕೊಡೋ ಶಾಸನ ನೋಡಬೇಕಂದ್ರೆ ಗಡಿ ದಾಟಿ ಕಡಪ ಜಿಲ್ಲೆಗೆ ಹೋಗಿ. ವಿಜಯನಗರದ ಭಾಸ್ಕರ ಭವದೂರ ಕಟ್ಟಿಸಿದ ಪೋರುಮಾಮಿಳ್ಳ ಕೆರೆಯ 1369ರ ಶಾಸನ. ಒಳ್ಳೆ ಕೆರೆಗೆ ಬೇಕಾದ 12 ಅಂಗ, ಕೆರೆಯ 6 ದೋಷ, ದಿನಕ್ಕೆ ಸಾವಿರ ಆಳು ಎರಡು ವರ್ಷ ದುಡಿದದ್ದು, ಕಲ್ಲು ಹೊತ್ತ ನೂರು ಬಂಡಿ ಎಲ್ಲ ಅದರಲ್ಲಿದೆ. ಅದನ್ನ ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಿಮ್ಮ ಕೆರೆಗೂ ಉಪಯೋಗಕ್ಕೆ ಬರೋ ಒಂದು ಯುಕ್ತಿ ಹೇಳ್ತೀನಿ. ಅಂಗಳದ ಅಂಚಿನಲ್ಲಿ ವೀರಗಲ್ಲೋ ಮಾಸ್ತಿಕಲ್ಲೋ ಸಣ್ಣ ಗುಡಿಯೋ ಇದ್ದರೆ ಅದರ ಪೀಠದ ಮಟ್ಟ ಹಿಡಿಯಿರಿ. ನೀರು ನಿಲ್ಲೋ ಜಾಗದಲ್ಲಿ ಯಾರೂ ದೇವರನ್ನ ನಿಲ್ಲಿಸಲ್ಲ. ಆ ಕಲ್ಲು ನೆಟ್ಟ ಕಾಲಕ್ಕೆ ತುಂಬಿದ ಕೆರೆ ಅದಕ್ಕಿಂತ ಕೆಳಗೇ ಇತ್ತು ಅಂತಾಯ್ತು.

ನೀರುಗಂಟಿ ಮಗಳು

ಅಣ್ಣ, ನಮ್ಮಪ್ಪ ಬಂಗಾರಪೇಟೆ ಕಡೆ ಒಂದು ಕೆರೆಗೆ ನೀರುಗಂಟಿ ಆಗಿದ್ರು, ಗದ್ದೆಗಳಿಗೆ ನೀರು ಬಿಡೋ ಕೆಲಸ. ಅವ್ರಪ್ಪನೂ ಅದೇ. ನಿಮ್ಮ ಪ್ರಶ್ನೆ ಓದಿ ಸುಮ್ಮನಿರಕ್ಕಾಗಲಿಲ್ಲ.

ನಮ್ಮಪ್ಪಂಗೆ ಅಡಿ ಇಂಚು ಬರ್ತಿರಲಿಲ್ಲ. ಏರಿ ಒಳಗಡೆ ಕಟ್ಟಿರೋ ಕಲ್ಲಿನ ವರಸೆ ಎಣಿಸೋರು. "ಇವತ್ತು ಒಂಬತ್ತು ಕಲ್ಲು ಐತೆ" ಅಂದ್ರೆ ಇಡೀ ಊರಿಗೆ ಅರ್ಥ ಆಗೋದು. ಆ ಎಣಿಕೆ ಮೇಲೇ ಸಂಕ್ರಾಂತಿ ಆದ್ಮೇಲೆ ತೀರ್ಮಾನ: ಈ ಸಲ ಪೂರ್ತಿ ಅಚ್ಚುಕಟ್ಟಿಗೆ (ಕೆರೆ ಕೆಳಗಿನ ಎಲ್ಲಾ ಗದ್ದೆಗೆ) ನೀರು ಬಿಡೋದಾ, ಅರ್ಧಕ್ಕಾ, ಇಲ್ಲ ತೂಬಿನ ಕೆಳಗಿರೋ ಮೊದಲ ಗದ್ದೆಗಳಿಗೆ ಮಾತ್ರನಾ. ನೀರು ಕಡಿಮೆ ಇದ್ರೆ ಎಲ್ಲರೂ ಮೊದಲ ಗದ್ದೆಗಳಲ್ಲೇ ತುಂಡು ತುಂಡು ಹಂಚ್ಕೊಂಡು ನಾಟಿ ಹಾಕ್ತಿದ್ರು. ಸುಗ್ಗಿಯಾದ್ಮೇಲೆ ಕಣದಲ್ಲಿ ನಮಗೆ ಆಯ, ಅಂದ್ರೆ ಬೆಳೆಯಲ್ಲಿ ಪಾಲು, ಕೊಡೋರು.

ಹಂಗಾಗಿ ನೀರು ಎಷ್ಟಿತ್ತು ಅಂತ ನೀರಲ್ಲಿ ಹುಡುಕಬೇಡಿ, ಗದ್ದೆಯಲ್ಲಿ ಹುಡುಕಿ. ಹಳೇ ಪಹಣಿಯಲ್ಲಿ ವರ್ಷ ವರ್ಷ ಏನು ಬೆಳೆ ಅಂತ ಒಂದು ಕಾಲಂ ಇರ್ತದಲ್ಲ. ಕೆರೆ ಕೆಳಗಿನ ತರಿ (ನೀರಾವರಿ) ಜಮೀನಿನ ಸರ್ವೆ ನಂಬರ್ ಹಿಡಿದು ನೋಡಿ. ಭತ್ತ ಅಂತಿದ್ರೆ ಕೆರೆ ತುಂಬಿತ್ತು. ತರಿ ಜಮೀನಲ್ಲಿ ರಾಗಿ ಅಂತಿದ್ರೆ ಅರ್ಧಂಬರ್ಧ. ಬೀಳು ಅಂತಿದ್ರೆ ಬತ್ತಿತ್ತು. ತೂಬಿನ ಹತ್ತಿರದ ಒಂದು ನಂಬರ್, ನಡುವಿನದ್ದು ಒಂದು, ಕೊನೇದು ಒಂದು ತಗೊಳ್ಳಿ ಸಾಕು.

ಇನ್ನೊಂದು ಮಾತು. ಕಂಬದ ಕೆಳಗಿನ ಗೆರೆ ಇರೋ ಕಡೆ ಅಡ್ಡಕಲ್ಲು ಐತಾ? ಇದ್ರೆ ಅದನ್ನ ತೊಳ್ದು ನೋಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಹಳೇ ಓವರ್‌ಸಿಯರ್

ತಂಗಿ ಹೇಳಿದ್ದು ನೂರಕ್ಕೆ ನೂರು ನಿಜ. ಕಚೇರಿಯಲ್ಲಿ ಕೂತು ನಾವು ಹುಡುಕಿದ್ದಕ್ಕಿಂತ ಒಳ್ಳೆ ದಾರಿ ಅದು. ಹಳೇ ಮೈಸೂರು ಕಾಲದಲ್ಲಿ ಕೆರೆ ತುಂಬದ ವರ್ಷ ತರಿ ಜಮೀನಿನ ಕಂದಾಯಕ್ಕೆ ವಜಾ (ಮಾಫಿ) ಕೊಡ್ತಿದ್ದರು. ಆ ವಜಾ ಪಟ್ಟಿ ಸಿಕ್ಕರೆ ಅದೂ ನೀರಿನ ಪಟ್ಟಿಯೇ.

ಪಾಲಾರ್ ಸಾಲಿನ ಕೆರೆ ಅಂದಿರಲ್ಲ, ಕೋಡಿ ಎತ್ತರಿಸಿದ್ದರೆ ಕಡತ ಇದ್ದೇ ಇರಬೇಕು ಅಂತ ನನ್ನ ನಂಬಿಕೆ. 1892ರ ಮೈಸೂರು–ಮದ್ರಾಸ್ ಒಪ್ಪಂದದ ಪಟ್ಟಿಯಲ್ಲಿ ಪಾಲಾರ್ ಇದೆ. ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರಿನವರು ಆ ಸಾಲಿನಲ್ಲಿ ಹೊಸ ಕೆರೆ ಕಟ್ಟೋ ಹಾಗಿರಲಿಲ್ಲ. ಕೈಬಿಟ್ಟು 30 ವರ್ಷ ದಾಟಿದ ಕೆರೆಯನ್ನ ಮತ್ತೆ ಕಟ್ಟಿದರೂ ಅದು ಹೊಸದೇ. ಅದಕ್ಕೇ ಕೆರೆಗಳ ವಿಚಾರದಲ್ಲಿ ಕಾಗದ ಓಡಾಡಿದೆ.

1903ರ ನವೆಂಬರ್‌ನಲ್ಲಿ ಮೇಲಿನ ಕೆರೆಗಳು ಒಡೆದು ಪಾಲಾರ್ ಉಕ್ಕಿ ಕೆಳಗೆ ತಮಿಳುನಾಡಿನ ವಾಣಿಯಂಬಾಡಿ ಮುಳುಗಿತು. ನಿಮ್ಮ ಏರಿಯಲ್ಲಿ ಒಂದು ಕಡೆ ಮಣ್ಣಿನ ಬಣ್ಣ ಬೇರೆ ಇದ್ದು, ಏರಿ ಸ್ವಲ್ಪ ಸೊಟ್ಟಗೆ ಬಾಗಿದ್ದರೆ ಅದು ಒಡೆದು ಕಟ್ಟಿದ ಜಾಗ. ಒಡೆದ ಗುಂಡಿಯನ್ನ ಬಳಸಿಕೊಂಡು ಏರಿ ಹಾಕೋದು ವಾಡಿಕೆ.

ಕೆಸರುಪದರ

ನಾನು ಕೆರೆ, ಸರೋವರಗಳ ತಳದ ಮಣ್ಣಿನ ಮೇಲೆ ಕೆಲಸ ಮಾಡ್ತೀನಿ, ಊರು ಗೌರಿಬಿದನೂರು. ಈ ಚರ್ಚೆ ನೋಡಿ ತುಂಬಾ ಖುಷಿಯಾಯ್ತು. ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಪ್ರಪಂಚದಲ್ಲಿ ಹಳೇ ಸರೋವರಗಳ ನೀರಿನ ಮಟ್ಟ ಕಂಡುಹಿಡಿಯೋ ಕೆಲಸ ದೊಡ್ಡದಾಗಿ ಶುರುವಾದದ್ದು ಮುಚ್ಚಿದ ಸರೋವರಗಳಲ್ಲಿ. ಅಂದರೆ ನೀರು ಒಳಗೆ ಬರುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ, ಆವಿಯಾಗಿಯೇ ಹೋಗಬೇಕು. ಅಮೆರಿಕದ ಯೂಟಾದಲ್ಲಿ ಬಾನ್‌ವಿಲ್ ಅನ್ನೋ ಮಹಾ ಸರೋವರ ಇತ್ತು, ಈಗಿನ ಗ್ರೇಟ್ ಸಾಲ್ಟ್ ಲೇಕ್ ಅದರ ಉಳಿಕೆ. ಗಿಲ್ಬರ್ಟ್ ಅನ್ನೋ ಭೂವಿಜ್ಞಾನಿ ಬೆಟ್ಟಗಳ ಮೈಮೇಲೆ ಮೆಟ್ಟಿಲಂತೆ ಉಳಿದ ಹಳೇ ದಡಗಳನ್ನ ಅಳೆದು 1890ರಲ್ಲಿ ದೊಡ್ಡ ಗ್ರಂಥ ಬರೆದರು. ಅಲ್ಲಿ ಅವರಿಗೆ ಒಂದು ವಿಚಿತ್ರ ಕಂಡಿತು: ಒಂದೇ ಕಾಲದ ಒಂದೇ ದಡ ಎಲ್ಲ ಕಡೆ ಒಂದೇ ಎತ್ತರದಲ್ಲಿ ಇರಲಿಲ್ಲ. ನಡುವಿನ ಬೆಟ್ಟಗಳ ಮೇಲೆ ಹತ್ತಾರು ಮೀಟರ್ ಹೆಚ್ಚು ಎತ್ತರದಲ್ಲಿತ್ತು. ಕಾರಣ, ನೀರಿನ ಭಾರಕ್ಕೆ ಕುಸಿದಿದ್ದ ನೆಲ ನೀರು ಹೋದ ಮೇಲೆ ಮೇಲಕ್ಕೆದ್ದಿತ್ತು. ಓವರ್‌ಸಿಯರ್ ಸರ್ ಹೇಳಿದ "ಯಾವ ನೆಲದಿಂದ?" ಅನ್ನೋ ಪ್ರಶ್ನೆಯೇ ಅದು, ದೊಡ್ಡ ಪ್ರಮಾಣದಲ್ಲಿ.

ಇನ್ನೊಂದು ಉದಾಹರಣೆ ಮೃತ ಸಮುದ್ರ. ಅದೂ ಮುಚ್ಚಿದ ಸರೋವರವೇ. 1900ರಲ್ಲಿ ಮೆಕಾಲಿಸ್ಟರ್ ಅನ್ನೋ ಪುರಾತತ್ವಜ್ಞ ವಾಯವ್ಯ ದಡದ ಒಂದು ಬಂಡೆ ಮೇಲೆ ನೀರಿನ ಮಟ್ಟಕ್ಕೆ ಗೆರೆ ಕೊರೆಸಿದರು. ಮುಂದೆ 1913ರವರೆಗೆ ಆ ಗೆರೆಯಿಂದಲೇ ನೀರು ಏರಿದ್ದು ಇಳಿದದ್ದು ಅಳೆದರು. ಆಗ ನೀರು ಸಮುದ್ರ ಮಟ್ಟಕ್ಕಿಂತ ಸುಮಾರು 390 ಮೀಟರ್ ಕೆಳಗಿತ್ತು, ಈಗ 430 ಮೀಟರ್ ದಾಟಿದೆ. ಆ ಬಂಡೆ ಇವತ್ತೂ ಇದೆ, ಅದರ ಕೆಳಗೆ ರಸ್ತೆ ಹೋಗುತ್ತೆ, ನೀರು ಎಲ್ಲೋ ದೂರ.

ಈಗ ನಿಮ್ಮ ಕೆರೆಗೆ ಬರೋಣ. ಮುಚ್ಚಿದ ಸರೋವರ ಹೆಚ್ಚು ಮಳೆ ಬಂದಷ್ಟೂ ಏರುತ್ತೆ. ನಮ್ಮ ಕೆರೆಗೆ ಕೋಡಿ ಇದೆ. ಸಾಧಾರಣ ಒಳ್ಳೆ ಮಳೆಗೂ ಕೋಡಿ ಮಟ್ಟ, ನೂರು ವರ್ಷಕ್ಕೊಮ್ಮೆ ಬರೋ ಮಳೆಗೂ ಹೆಚ್ಚುಕಡಿಮೆ ಅದೇ ಮಟ್ಟ. ಉಳಿದದ್ದೆಲ್ಲ ಹರಿದು ಕೆಳಗಿನ ಕೆರೆಗೆ ಹೋಯ್ತು. ಹಾಗಾಗಿ ತುಂಬಿದ ವರ್ಷಗಳೆಲ್ಲ ಕೆರೆಯ ಪಾಲಿಗೆ ಒಂದೇ ಥರ. ಬತ್ತಿದ ವರ್ಷಗಳು ಮಾತ್ರ ಒಂದೊಂದೂ ಬೇರೆ ಬೇರೆ ಗುರುತು ಬಿಡ್ತವೆ. ಅಂಗಳ ಒಣಗಿದಾಗ ಜೇಡಿ ಬಿರುಕು ಬಿಡುತ್ತೆ. ಮುಂದಿನ ಮಳೆಗೆ ಆ ಬಿರುಕಿನೊಳಗೆ ಮರಳು ತುಂಬಿಕೊಳ್ಳುತ್ತೆ, ಮೇಲೆ ಹೊಸ ಗೋಡು ಕೂರುತ್ತೆ. ಬಸವನಹುಳುಗಳು ಸತ್ತು ಚಿಪ್ಪಿನ ಪದರ ಆಗುತ್ತೆ. ನೀವು ಕೋಡಿ ಹೋದ ವರ್ಷಗಳ ಪಟ್ಟಿ ಹುಡುಕ್ತಿದ್ದೀರಿ. ಅದಕ್ಕೆ ಅಜ್ಜಿ ತಾತಂದಿರನ್ನೇ ಕೇಳಬೇಕು. ಮಣ್ಣು ಹೇಳೋದು ಬತ್ತಿದ ವರ್ಷಗಳ ಪಟ್ಟಿ.

ಕಾಲ ಹೇಗೆ ಗೊತ್ತಾಗುತ್ತೆ ಅಂದ್ರೆ, ಈಚಿನ ನೂರು ನೂರೈವತ್ತು ವರ್ಷದ ಕೆಸರಿಗೆ ಸೀಸ-210 ಬಳಸ್ತೀವಿ, ಅದು ಸುಮಾರು 22 ವರ್ಷಕ್ಕೆ ಅರ್ಧಕ್ಕಿಳಿಯುತ್ತೆ. ಅಣುಬಾಂಬ್ ಪರೀಕ್ಷೆಗಳಿಂದ ಬಿದ್ದ ಸೀಸಿಯಂ-137 ಎಂಬುದು 1963ರ ಸುಮಾರಿನ ಪದರವನ್ನ ತೋರಿಸುತ್ತೆ, ನಮ್ಮ ಕಡೆ ಕಡಿಮೆ ಬಿದ್ದಿರೋದರಿಂದ ಗುರುತು ಮಸುಕು. ಅದಕ್ಕಿಂತ ಹಳೆಯದಕ್ಕೆ ಇಂಗಾಲ-14, ಅದರ ಅರ್ಧಾಯುಷ್ಯ 5730 ವರ್ಷ. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಹೇಳೋ ವಿಧಾನವೂ ಇದೆ. ಏರಿಯ ಅಡಿಯ ಮರಳಿಗೆ ಅದನ್ನ ಮಾಡಿದರೆ ಕೆರೆ ಕಟ್ಟಿದ ಕಾಲವೇ ಸಿಗಬಹುದು.

ಹೂಳೆತ್ತಿದ ಕೆರೆಯಲ್ಲಿ ಇದ್ಯಾವುದೂ ನಡೆಯಲ್ಲ. ನಿಮ್ಮಲ್ಲಿ ಜೆಸಿಬಿ ಇಳಿದಿದೆಯಾ?

ಪಾಲಾರ್ ದಂಡೆ

ಮೇಡಂ, ಇಳಿದಿದೆ. ಕೆಲವು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರ ಏರಿ ಪಕ್ಕದಲ್ಲಿ ಅರ್ಧ ಅಂಗಳ ಕೆದಕಿ ಹೋದ. ಅದರಲ್ಲಿ ನೀವು ಹೇಳೋ ಪದರಗಳು ಇದ್ವು ಅಂತ ಈಗ ಗೊತ್ತಾಗಿ ಹೊಟ್ಟೆ ಉರೀತಿದೆ. ಹೂಳೆತ್ತಬಾರದು ಅಂತಲ್ಲ, ಊರಿಗೆ ನೀರು ಬೇಕು. ಒಂದು ಮೂಲೆನಾದ್ರೂ ಬಿಡಬಹುದಿತ್ತು. ಆ ಕಡೆ ತುದಿಯಲ್ಲಿ ಇಟ್ಟಿಗೆಯವರು ಮಣ್ಣು ತೆಗೆದ ಗುಂಡಿ ಒಂದಿದೆ, ಅದರ ಸುತ್ತ ಜೆಸಿಬಿ ಹೋಗಿಲ್ಲ.

ಕೆಸರುಪದರ

ಆ ಗುಂಡಿಯ ಗೋಡೆಯೇ ನಿಮ್ಮ ಪುಸ್ತಕ. ಒಳಗೆ ಒಬ್ಬರೇ ಇಳಿಯಬೇಡಿ, ಗೋಡೆ ಕುಸಿಯುತ್ತೆ. ಇಳಿಜಾರು ಇರೋ ಕಡೆಯಿಂದ ಹೋಗಿ, ಕುಡುಗೋಲಿನಿಂದ ಒಂದು ಅಡಿ ಅಗಲ ನುಣ್ಣಗೆ ಕೆರೆದು, ಟೇಪು ಇಟ್ಟು ಫೋಟೋ ತೆಗೆಯಿರಿ. ಆ ನೆಲ ಕೋಡಿಯಿಂದ ಎಷ್ಟು ಕೆಳಗೆ ಅಂತಲೂ ಬರೆದುಕೊಳ್ಳಿ.

ಶಿರಾ ಸೀಮೆ

ನಮ್ಮದು ತುಮಕೂರು ಜಿಲ್ಲೆ. ನಾನು ಉಪಗ್ರಹ ಚಿತ್ರದಿಂದ ನಮ್ಮ ಕಡೆಯ ಒಂದಷ್ಟು ಕೆರೆಗಳ ಹರವು ತೆಗೆದಿದ್ದೀನಿ. ಲ್ಯಾಂಡ್‌ಸ್ಯಾಟ್ 1972ರಿಂದ ಇದೆ, 30 ಮೀಟರ್ ಸೂಕ್ಷ್ಮತೆಯ ಚಿತ್ರಗಳು 1980ರ ದಶಕದಿಂದ, ಎಲ್ಲ ಪುಕ್ಕಟೆ. ಅಕ್ಟೋಬರ್ ನವೆಂಬರ್‌ನಲ್ಲಿ ಮೋಡ ಜಾಸ್ತಿ, ಜನವರಿ ಚಿತ್ರ ತಗೊಳ್ಳಿ. ಹರವಿನಿಂದ ಮಟ್ಟಕ್ಕೆ ಬರೋಕೆ ಅಂಗಳದ ಏರುತಗ್ಗು ಗೊತ್ತಿರಬೇಕು. ಬೇಸಿಗೆಯಲ್ಲಿ ಒಣಗಿದಾಗ ಅಳೆದಿಟ್ಟುಕೊಂಡ್ರೆ "ಇಷ್ಟು ಎಕರೆ ನೀರು ಅಂದ್ರೆ ಕೋಡಿಯಿಂದ ಇಷ್ಟು ಕೆಳಗೆ" ಅಂತ ಒಂದು ಕೋಷ್ಟಕ ಮಾಡಬಹುದು. ಆದರೆ ಹೂಳು ಬಿದ್ದ ಹಾಗೆ ಕೋಷ್ಟಕವೂ ಬದಲಾಗುತ್ತೆ. ಅಂಗಳದಲ್ಲಿ ಜಾಲಿ ಬೆಳೆದಿದ್ರೆ ಕೆಳಗೆ ನೀರಿದ್ದರೂ ಮೇಲಿಂದ ಹಸಿರೇ ಕಾಣೋದು, ಜೊಂಡು ಬೆಳೆದರೂ ಅಷ್ಟೇ.

ಒಂದು ಪ್ರಶ್ನೆ: ನಿಮ್ಮ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದಿದೆಯಾ? 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತಲ್ಲ, ಆ ಸಾಲಿನ ಕೆರೆಗಳಲ್ಲಿ ಅಲ್ಲಿಂದಾಚೆಗೆ ನೀರಿನ ಮಟ್ಟ ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ನೀರಿನ ಲೆಕ್ಕವೂ ಹೌದು. ಮಳೆಗೂ ಮಟ್ಟಕ್ಕೂ ನೇರ ತಾಳೆ ಹಾಕೋಕಾಗಲ್ಲ.

ಪಾಲಾರ್ ದಂಡೆ

ನಮ್ಮ ಕೆರೆಗೆ ಇನ್ನೂ ಬಂದಿಲ್ಲ ಅಣ್ಣ.

ಚಿಂತಾಮಣಿ ರೈತ

ಎಲ್ಲಾ ಸರಿ, ಮಟ್ಟಕ್ಕೂ ಮಳೆಗೂ ತಾಳೆ ತಪ್ಪಿದ್ದು 2018ರಲ್ಲಿ ಅಲ್ಲ ಸ್ವಾಮಿ. ಪಾಲಾರ್ ಹುಟ್ಟೋದೇ ನಮ್ಮ ತಾಲ್ಲೂಕಿನ ತಲಗವಾರದಲ್ಲಿ. ಮೇಲಿಂದ ಕೆಳಗಿನವರೆಗೆ ನೀಲಗಿರಿ ತೋಪು ನೋಡಿ, ಮುಚ್ಚಿಹೋದ ರಾಜಕಾಲುವೆ ನೋಡಿ, ಸಾವಿರ ಅಡಿ ದಾಟಿದ ಬೋರ್‌ವೆಲ್ ನೋಡಿ. ನಮ್ಮಪ್ಪನ ಕಾಲದಲ್ಲಿ ಒಂದು ಒಳ್ಳೆ ಹದ ಮಳೆ ಬಿದ್ರೆ ಕಾಲುವೆಯಲ್ಲಿ ನೀರು ಸದ್ದು ಮಾಡ್ಕೊಂಡು ಬರ್ತಿತ್ತು. ಈಗ ಅದರ ಎರಡರಷ್ಟು ಬಿದ್ರೂ ಕಾಲುವೆ ಬಾಯಿ ತೇವ ಆಗಲ್ಲ. ಕೆರೆ ಬತ್ತಿದ ವರ್ಷಗಳ ಪಟ್ಟಿ ಮಾಡಿ ಪಕ್ಕದಲ್ಲಿ "ಬರ" ಅಂತ ಬರೆದುಬಿಡಬೇಡಿ. ಮಳೆ ಬಂದೂ ಬತ್ತಿದ ವರ್ಷಗಳನ್ನ ಬೇರೆ ಬಣ್ಣದಲ್ಲಿ ಬರೀರಿ. ತಾಲ್ಲೂಕು ಕಚೇರಿಯಲ್ಲಿ ಮಳೆ ಮಾಪನದ ಲೆಕ್ಕ ಸಿಗುತ್ತೆ.

ಕೆಸರುಪದರ

ಈ ಮಾತನ್ನ ನಾನು ಹೇಳಬೇಕಿತ್ತು. ನೂರಕ್ಕೆ ನೂರು ಒಪ್ತೀನಿ.

ಪಾಲಾರ್ ದಂಡೆ (ಏಳು ವಾರದ ಮೇಲೆ)

ಎಲ್ಲರೂ ಹೇಳಿದ್ದನ್ನ ಒಂದೊಂದಾಗಿ ಮಾಡಿದೆ. ತಡವಾಯ್ತು, ಭಾನುವಾರ ಮಾತ್ರ ಊರಿಗೆ ಹೋಗೋದು.

ಮೊದಲು ಕೋಡಿ. ಓವರ್‌ಸಿಯರ್ ಸರ್, ನೀವು ನೋಡದೇ ಹೇಳಿಬಿಟ್ರಿ. ಕೆಳಗೆ ಹಳೇ ಗಾರೆಯ ಕಟ್ಟಡ, ಅದರ ಮೇಲೆ ಎರಡು ವರಸೆ ಸೈಜುಗಲ್ಲು, ಸಿಮೆಂಟಿನಲ್ಲಿ ಕೂರಿಸಿದ್ದಾರೆ. ಎರಡೂ ಸೇರಿ 1 ಅಡಿ 6 ಇಂಚು. ನೀರು ಎರಡು ಕಡೆಯೂ ಮುಟ್ಟಿಕೊಂಡಿದ್ದ ಬೆಳಗ್ಗೆ ಆರು ಗಂಟೆಗೆ ತಮ್ಮನ್ನ ಕೋಡಿ ಹತ್ತಿರ ನಿಲ್ಲಿಸಿ ನಾನು ತೂಬಿನ ಹತ್ತಿರ ನಿಂತು ಅಳೆದೆ. ಕಂಬದ ಮೇಲಿನ ಗೆರೆ ಈಗಿನ ಕೋಡಿ ತಲೆಗೆ ಸರಿಯಾಗಿ ಬರುತ್ತೆ. ಎರಡನೇ ಗೆರೆ ಅದಕ್ಕಿಂತ 1 ಅಡಿ 6 ಇಂಚು ಕೆಳಗೆ. ಅಂದ್ರೆ ಅದು ಹಳೇ ಕೋಡಿ. ನಾನು "ತುಂಬಾ ಹಳೇ ಒಳ್ಳೆ ಮಳೆ ಕಾಲ" ಅಂದುಕೊಂಡಿದ್ದ ಮೇಲಿನ ಗೆರೆ ಎಲ್ಲಕ್ಕಿಂತ ಹೊಸದು!

ಆಮೇಲೆ ಅಕ್ಕ ಹೇಳಿದ ಅಡ್ಡಕಲ್ಲು. ಕೆಳಗಿನ ಗೆರೆ ಪಕ್ಕದಲ್ಲೇ ಇದೆ, ಪಾಚಿ ಮತ್ತು ಕೆಸರು ಗಟ್ಟಿ ಹಿಡಿದಿತ್ತು. ತೆಂಗಿನ ನಾರು ಹಾಕಿ ಉಜ್ಜಿದೆ. ಒಂದು ಮೀನು ಕೆತ್ತಿದ್ದಾರೆ. ಅಂಗೈ ಅಷ್ಟಗಲ. ನಮ್ಮೂರಲ್ಲಿ ಈಗಿರೋ ಯಾರೂ ಅದನ್ನ ನೋಡಿರಲಿಲ್ಲ. ತಾತನ್ನ ಕರ್ಕೊಂಡು ಬಂದು ತೋರಿಸಿದೆ. ಸುಮಾರು ಹೊತ್ತು ಮಾತಾಡಲಿಲ್ಲ.

ಅಕ್ಕ, ನಿಮಗೆ ಹೇಗೆ ಗೊತ್ತಾಯ್ತು?

ನೀರುಗಂಟಿ ಮಗಳು

ಅಣ್ಣ, ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಕೆರೆ ತೂಬಲ್ಲೂ ಮೀನು ಐತೆ. ನಮ್ಮಪ್ಪ ಹೇಳ್ತಿದ್ರು, "ಮೀನಿನ ಬೆನ್ನು ಕಂಡ್ರೆ ತೂಬು ಮುಚ್ಚೋ ಗೂಟ ಇಳಿಸಿಬಿಡಬೇಕು, ಯಾರು ಬಂದು ಕೇಳಿದ್ರೂ ಎತ್ತಬಾರದು" ಅಂತ. ಅದರ ಕೆಳಗಿನ ನೀರು ಗದ್ದೆಗಲ್ಲ. ದನಕ್ಕೆ, ಬಟ್ಟೆ ಒಗೆಯಕ್ಕೆ, ಊರ ಬಾವಿಗಳಿಗೆ ಊಟೆ (ನೆಲದೊಳಗಿನ ಒಸರು) ಇರಕ್ಕೆ. ಒಂದು ವರ್ಷ ಬೆಳೆ ತೆನೆ ಕಟ್ಟೋ ಹೊತ್ತಲ್ಲಿ ನೀರು ಸಾಲದೆ ಜನ ಬಂದು ಜಗಳ ಆಡಿದ್ರು. ನಮ್ಮಪ್ಪ ರಾತ್ರಿ ಎಲ್ಲ ತೂಬಿನ ಮೇಲೇ ಮಲಗಿದ್ರು, ಗೂಟ ಎತ್ತಲಿಲ್ಲ. ಆಮೇಲೆ ಬೇಸಿಗೆ ಪೂರ್ತಿ ನಿಧಾನಕ್ಕೆ ಆ ನೀರು ನಿಂತಿರ್ತಿತ್ತು. ಅದಕ್ಕೇ ಅಲ್ಲಿ ಗೆರೆ ಬಿದ್ದಿರೋದು.

ಹಳೇ ಓವರ್‌ಸಿಯರ್

ಮೂರು ಗೆರೆಗೂ ಉತ್ತರ ಸಿಕ್ಕಿತು. ಒಂದು ಹಳೇ ಕೋಡಿ ಕಟ್ಟಿದವರದು, ಒಂದು ಕೋಡಿ ಎತ್ತರಿಸಿದವರದು, ಒಂದು ಗೂಟ ಇಳಿಸಿದವರದು. ನನ್ನ ಇಡೀ ನೌಕರಿಯಲ್ಲಿ ತೂಬಿನ ಮೀನನ್ನ ಅಲಂಕಾರ ಅಂದುಕೊಂಡೇ ಕಳೆದೆ. ತಂಗಿ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ.

ಕಲ್ಲುಬರಹ

ಆ ಮೀನಿನ ಫೋಟೋ ಸಂಜೆಯ ಓರೆ ಬೆಳಕಿನಲ್ಲಿ ತೆಗೆಯಿರಿ, ದಯವಿಟ್ಟು. ಪಕ್ಕದಲ್ಲಿ ಅಕ್ಷರ ಇದ್ದರೆ ಆಗ ಕಾಣುತ್ತೆ. ಸುಣ್ಣ, ಅರಿಶಿನ, ಬಣ್ಣ ಏನೂ ಬಳಿಯಬೇಡಿ.

ಪಾಲಾರ್ ದಂಡೆ

ಇನ್ನು ಗುಂಡಿ. ಗೋಡೆ ಐದಡಿ ಎತ್ತರ. ಮೇಲಿಂದ ಒಂದಡಿ ಕೆಳಗೆ ಒಂದು ಬಿರುಕಿನ ಸಾಲು ಇದೆ, ಒಳಗೆ ಸಣ್ಣ ಮರಳು. ಅದಕ್ಕಿಂತ ನಾಲ್ಕು ಇಂಚು ಕೆಳಗೆ ಮಣ್ಣಿನೊಳಗೆ ಒಂದು ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು, ತಯಾರಾದ ವರ್ಷ ಓದಕ್ಕಾಗುತ್ತೆ, 1998. ಮೂರಡಿ ಕೆಳಗೆ ಇನ್ನೊಂದು ಬಿರುಕಿನ ಸಾಲು, ಅದರ ಮೇಲೆ ಬಿಳಿ ಚಿಪ್ಪುಗಳು ಬೆರಳಿನಷ್ಟು ದಪ್ಪ.

ತಾತನ ಹತ್ತಿರ ಬೇರೆ ಥರ ಪ್ರಶ್ನೆ ಕೇಳಿದೆ. "ಯಾವ ವರ್ಷ" ಅಂತ ಕೇಳೋದು ಬಿಟ್ಟೆ. "ಇಂದಿರಾ ಗಾಂಧಿ ಸತ್ತಾಗ ನೀರು ಎಲ್ಲಿತ್ತು" ಅಂತ ಕೇಳಿದೆ, ಅದು 1984ರ ಅಕ್ಟೋಬರ್ ಕೊನೆ, ಕೆರೆ ತುಂಬೋ ಕಾಲ. "ರಾಜೀವ್ ಗಾಂಧಿ ಸತ್ತಾಗ?", 1991ರ ಮೇ, ನಡು ಬೇಸಿಗೆ. "ರಾಜ್‌ಕುಮಾರ್ ಅವರು ಕಾಡಲ್ಲಿದ್ದಾಗ?", 2000ದ ಜುಲೈ ಕೊನೆಯಿಂದ ನವೆಂಬರ್. "ಚಿನ್ನದ ಗಣಿ ಮುಚ್ಚಿದಾಗ?", 2001ರ ಫೆಬ್ರವರಿ. ತಾತ ಪಟಪಟ ಹೇಳ್ತಾ ಹೋದ್ರು. ಗಣಿ ಮುಚ್ಚಿ ನಮ್ಮ ಚಿಕ್ಕಪ್ಪ ಊರಿಗೆ ವಾಪಸ್ ಬಂದಾಗ ಕೆರೆಯಲ್ಲಿ ಮೀನು ಹಿಡಿಯೋಷ್ಟು ನೀರಿತ್ತಂತೆ. ಅದಾಗಿ ಎರಡನೇ ಬೇಸಿಗೆಗೆ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡಿದ್ರಂತೆ. ನಾನೂ ಆಡಿದ್ದೆ, ಈಗ ನೆನಪಾಯ್ತು.

ಕೆಸರುಪದರ

ಇದು ತುಂಬಾ ಚೆನ್ನಾಗಿದೆ. 2001ರಿಂದ ಮೂರು ವರ್ಷ ರಾಜ್ಯದಲ್ಲಿ ಸತತ ಬರ, ಮೇಲಿನ ಬಿರುಕಿಗೂ ಕ್ರಿಕೆಟ್ಟಿಗೂ ತಾಳೆ ಆಗುತ್ತೆ. ಆದರೂ ಒಂದು ಎಚ್ಚರಿಕೆ: ಪೊಟ್ಟಣ ಬಿರುಕಿನೊಳಗೆ ಜಾರಿ ಕೆಳಗೆ ಬಿದ್ದಿರಬಹುದು. ಅದರ ಸುತ್ತಲಿನ ಮಣ್ಣು ಕಲಕದೆ ಪದರ ಪದರವಾಗಿ ಇತ್ತಾ ನೋಡಿ. ಹಾಗಿದ್ದರೆ ಆ ಪೊಟ್ಟಣದ ಮೇಲಿನ ಮಣ್ಣೆಲ್ಲ 1998ರಿಂದೀಚೆಗಿನದು. ಅದೇ ವೇಗದಲ್ಲಿ ಲೆಕ್ಕ ಹಾಕಿ ಕೆಳಗಿನ ಚಿಪ್ಪಿನ ಪದರಕ್ಕೆ ವರ್ಷ ಕೊಟ್ಟುಬಿಡಬೇಡಿ. ನೀಲಗಿರಿ ಬರೋ ಮುಂಚೆ, ಗುಡ್ಡದ ಮೇಲೆ ಕಾಡಿದ್ದಾಗ ಹೂಳು ಬರೋ ವೇಗವೇ ಬೇರೆ. 1876–78ರ ದೊಡ್ಡ ಬರ ಅಂತ ಬರೆಯೋಕೆ ಯಾರಿಗಾದರೂ ಆಸೆಯಾಗುತ್ತೆ. ಪ್ರಯೋಗಾಲಯದ ಉತ್ತರ ಬರೋವರೆಗೆ ಬರೆಯಬೇಡಿ. ಚಿಪ್ಪು ಸಹಿತ ಒಂದು ಹಿಡಿ ಮಣ್ಣು ಕಾಗದದ ಪೊಟ್ಟಣದಲ್ಲಿ ಇಟ್ಟುಕೊಳ್ಳಿ, ಮುಂದಿನ ತಿಂಗಳು ನಾನೇ ಬರ್ತೀನಿ.

ಚಿಂತಾಮಣಿ ರೈತ

ಬಂದಾಗ ತಿಳಿಸಿ ತಾಯಿ, ನಮ್ಮ ಕೆರೆಯಲ್ಲೂ ಇಟ್ಟಿಗೆ ಗುಂಡಿ ಇದೆ.

ಪಾಲಾರ್ ದಂಡೆ

ಖಂಡಿತ ಬನ್ನಿ ಮೇಡಂ, ಊಟ ನಮ್ಮನೇಲಿ. ಪೊಟ್ಟಣದ ಸುತ್ತ ಮಣ್ಣು ಕಲಕಿರಲಿಲ್ಲ, ಫೋಟೋ ಹಾಕ್ತೀನಿ.

ತರಿ ಜಮೀನಿನ ಮೂರು ಸರ್ವೆ ನಂಬರ್‌ಗಳ ಹಳೇ ಪಹಣಿಗೆ ಅರ್ಜಿ ಕೊಟ್ಟಿದ್ದೀನಿ. ಪಕ್ಕದ ಮನೆ ಅಜ್ಜಿ ಹೇಳಿದ ಹೆಣದ ಕತೆಯೂ ಸಿಕ್ಕಿತು. ಸತ್ತವರ ಮನೆಯಲ್ಲಿ ಮರಣದ ದಾಖಲೆ ಇದೆ, 1991ರ ನವೆಂಬರ್. ಅಜ್ಜಿ ಹೇಳಿದ್ದೇ ಸರಿ, ನಮ್ಮಪ್ಪನ ಮದುವೆ ಅದಕ್ಕಿಂತ ಮೂರು ವರ್ಷ ಹಿಂದೆ. ತಾತ ಒಪ್ಪಿಕೊಂಡ್ರು.

ಪಂಚಾಯ್ತಿಯವರನ್ನ ಕೇಳಿದೀನಿ, ತೂಬಿನ ಕಂಬ ಮುಟ್ಟದೆ, ಏರಿಯ ಕಲ್ಲು ವರಸೆ ಮೇಲೆ ಅಡಿಗೊಂದು ಗೆರೆ ಬಣ್ಣದಲ್ಲಿ ಹಾಕಕ್ಕೆ. ಒಪ್ಪಿದ್ದಾರೆ. ಸೊನ್ನೆ ಕೋಡಿ ತಲೆಗೆ. ಪ್ರತಿ ತಿಂಗಳು ಒಂದನೇ ತಾರೀಖು ನಮ್ಮ ತಮ್ಮ ನೋಡಿ ಪುಸ್ತಕದಲ್ಲಿ ಬರೀತಾನೆ, ನಾನು ಇಲ್ಲಿ ಹಾಕ್ತೀನಿ.

ಇವತ್ತು ಬೆಳಗ್ಗೆ ಆರೂಕಾಲು, ಗಾಳಿ ಇಲ್ಲ: ಕೋಡಿಯಿಂದ 4 ಅಡಿ 7 ಇಂಚು ಕೆಳಗೆ. ಮೀನು ಇನ್ನೂ ನೀರೊಳಗಿದೆ.